ನಿಂತಿದ್ದಕ್ಕೂ ಪಗಾರ

ಊರು ಯಾವುದೆಂದು ಕೇಳಿದ ಅಮೆರಿಕನ್ನರಿಗೆ ‘ಕೊಹಿನೂರ’ ಎಂದು ಹೇಳುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ಹೇಳಿದರೆ ಅವರ ಕಣ್ಣು ಮೊದಲು ನನ್ನ ಮುಖಕ್ಕೆ, ಆಮೇಲೆ ನನ್ನ ಬೆರಳಿನ ಉಂಗುರಕ್ಕೆ ಹೋಗುತ್ತದೆ. ಆ ವಜ್ರ 1849ರಲ್ಲೇ ಬ್ರಿಟಿಷರ ಪಾಲಾಗಿ ಈಗ ಲಂಡನ್ನಿನಲ್ಲಿದೆ, ನಮ್ಮದು ಬಸವಕಲ್ಯಾಣ ತಾಲೂಕಿನ ಕೊಹಿನೂರ, ಅಲ್ಲಿ ಸಿಗುವುದು ತೊಗರಿ ಎಂದು ಬಿಡಿಸಿ ಹೇಳುವಷ್ಟರಲ್ಲಿ ಲಿಫ್ಟು ಅವರ ಮಹಡಿ ಮುಟ್ಟಿರುತ್ತದೆ. ‘ಹೈದರಾಬಾದ್ ಹತ್ತಿರ’ ಎಂದು ಮುಗಿಸಿಬಿಡುತ್ತೇನೆ.

ಅಪ್ಪನಿಗೆ ಇಂಥ ಸಂಕೋಚವೆಲ್ಲ ಇಲ್ಲ. 2023ರ ಮೇ ಕೊನೆಯ ವಾರ ಫಿಲಡೆಲ್ಫಿಯಾದ ನಮ್ಮ ಮನೆಗೆ ಆರು ತಿಂಗಳಿಗೆಂದು ಬಂದಾಗ ಮಾತ್ರ ಮುಖ ಬಾಡಿತ್ತು. ಪ್ರಯಾಣದ ದಣಿವಲ್ಲ. ಮೇ 21ರಂದು ಚಿನ್ನಸ್ವಾಮಿಯಲ್ಲಿ ಕೊಹ್ಲಿ ಶತಕ ಹೊಡೆದೂ ಆರ್‌ಸಿಬಿ ಗುಜರಾತಿನ ಎದುರು ಸೋತು ಮನೆಗೆ ಹೋಗಿತ್ತು. ವಿಮಾನ ನಿಲ್ದಾಣದಲ್ಲಿ ಮಗನನ್ನು ಎರಡು ವರ್ಷದ ಮೇಲೆ ಕಂಡ ತಂದೆಯ ಮೊದಲ ಮಾತು ಇದು: “ದಿನೇಶ ಕಾರ್ತಿಕ್ ಯಾನ್ ಮಾಡ್ದ ನೋಡ್ದಿ? ಹ್ವಾದ ವರ್ಷ 330 ರನ್ ಹೊಡ್ದಂವ ಈ ವರ್ಷ 140ಕ್ಕ ಕುಂತಾನ!” ಸೊಸೆ ಕಾಲಿಗೆ ಬಿದ್ದಾಗ ಆಶೀರ್ವಾದಕ್ಕೂ ಮುಂಚೆ ಬಂದದ್ದು ಇನ್ನೊಂದು ನಿಟ್ಟುಸಿರು.

ಐಪಿಎಲ್ ಮುಗಿದಿದೆ, ಬೈಯಲು ಯಾರೂ ಇಲ್ಲ. ಒಂದು ವಾರ ಅಪ್ಪ ಊಟ ಸರಿಯಾಗಿ ಮಾಡಲಿಲ್ಲ. ಕಡೆಗೆ ನಾನೇ ಟಿವಿಯಲ್ಲಿ ಬೇಸ್‌ಬಾಲ್ ಹಚ್ಚಿ, ನಮ್ಮೂರ ತಂಡ ಫಿಲ್ಲೀಸನ್ನು ತೋರಿಸಿದೆ. ಮೈದಾನವನ್ನು ಇಲ್ಲಿ ‘ಡೈಮಂಡ್’ ಅನ್ನುತ್ತಾರೆ, ನಾಲ್ಕು ಬೇಸುಗಳ ನಡುವಿನ ಜಾಗ ವಜ್ರದ ಆಕಾರದಲ್ಲಿರುತ್ತದೆ ಎಂದೆ. ಅಪ್ಪ ಮೊದಲ ಸಲ ಸೋಫಾದಲ್ಲಿ ನೆಟ್ಟಗೆ ಕುಳಿತ. “ಅಂದ್ರ ನಮ್ಮೂರಿಂದೇ ಆಟ ಅನ್ನು.”

ನಿಯಮ ಕಲಿಯಲು ಮೂರು ದಿನ ಹಿಡಿಯಿತು, ಬೈಯಲು ಒಂದು ತಾಸೂ ಹಿಡಿಯಲಿಲ್ಲ. ಆ ಋತುವಿಗೆಂದು ಫಿಲ್ಲೀಸು ಟ್ರೇ ಟರ್ನರ್ ಎಂಬ ಆಟಗಾರನನ್ನು 11 ವರ್ಷಕ್ಕೆ 30 ಕೋಟಿ ಡಾಲರ್ ಕೊಟ್ಟು ತಂದಿತ್ತು. ತಂದ ಮೇಲೆ ಅವನ ಬ್ಯಾಟಿಗೆ ಚೆಂಡು ಸಿಗುವುದೇ ನಿಂತುಹೋಯಿತು. ಅಪ್ಪ ಡಾಲರನ್ನು ರೂಪಾಯಿ ಮಾಡಿದ, ಸುಮಾರು ಎರಡೂವರೆ ಸಾವಿರ ಕೋಟಿ. ರೂಪಾಯಿಯನ್ನು ಆ ವರ್ಷದ ಬೆಂಬಲ ಬೆಲೆ 7,000ದ ಲೆಕ್ಕದಲ್ಲಿ ತೊಗರಿ ಮಾಡಿದ, ಸುಮಾರು 35 ಲಕ್ಷ ಕ್ವಿಂಟಲ್. ಅಂದಿನಿಂದ ಟರ್ನರ್ ಬ್ಯಾಟ್ ಹಿಡಿದು ಬಂದಾಗಲೆಲ್ಲ ಅಪ್ಪನಿಗೆ ಕಾಣುತ್ತಿದ್ದದ್ದು ಆಟಗಾರನಲ್ಲ, ಹುಮನಾಬಾದಿನ ಅಡತಿ ಅಂಗಡಿಯ ಮುಂದೆ ಮಳೆಯಲ್ಲಿ ನೆನೆಯುತ್ತಿರುವ 35 ಲಕ್ಷ ಕ್ವಿಂಟಲ್ ತೊಗರಿ.

“ಅಪ್ಪಾ, ಈ ಆಟದಾಗ ಹತ್ತು ಸಲ ಹೋಗಿ ಮೂರು ಸಲ ಛಲೋ ಹೊಡದ್ರ ಅಂವ ದೊಡ್ಡ ಆಟಗಾರ” ಎಂದು ಸಮಾಧಾನ ಹೇಳಿದೆ.

“ತೊಗರೀನೂ ಹಾಂಗೇ. ಹತ್ತು ವರ್ಷದಾಗ ಮೂರು ವರ್ಷ ಕೈಗಿ ಹತ್ತಿದ್ರ ದೊಡ್ಡ ರೈತ. ಆದ್ರ ನನಗ ಯಾರ್ ಕೊಟ್ಟಾರ 11 ವರ್ಷದ ಮುಂಗಡ?”

ಉತ್ತರ ನನ್ನಲ್ಲಿರಲಿಲ್ಲ.

ಜುಲೈನ ಒಂದು ಸಂಜೆ ಎಲ್ಲರೂ ಮೈದಾನಕ್ಕೇ ಹೋದೆವು. ಅದರ ಹೆಸರು ಸಿಟಿಜನ್ಸ್ ಬ್ಯಾಂಕ್ ಪಾರ್ಕ್. “ಬ್ಯಾಂಕಿಗಿ ಹೊಂಟೀವೋ ಮ್ಯಾಚಿಗಿ ಹೊಂಟೀವೋ” ಎಂದು ಕೇಳುತ್ತಲೇ ಅಪ್ಪ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡ. ಟರ್ನರ್ ಬಂದ. ನಲವತ್ತು ಸಾವಿರ ಜನರ ಗಂಟಲಿನಿಂದ ಒಂದೇ ‘ಬೂ...’ ಎದ್ದಿತು. ಅಪ್ಪ ಬೆಚ್ಚಿ ನೋಡಿ, ಇದು ನಮ್ಮ ಜಾತ್ರೆಯ ಕುಸ್ತಿ ಕಣವೇ ಎಂದು ಅರ್ಥವಾದ ಕೂಡಲೇ ಎದ್ದು ನಿಂತ. ಬೆಳ್ಳಿ ಕಡಗದ ಆಸೆಗೆ ಬಂದು ಮೈಗೆ ಮಣ್ಣು ಹತ್ತಿಸಿಕೊಳ್ಳದೆ ಸುತ್ತುವ ಪೈಲ್ವಾನನಿಗೆ ಬೀಳುವ ಬೈಗುಳಗಳೆಲ್ಲ ಕಡಲು ದಾಟಿ ಬಂದವು.

“ಬ್ಯಾಟ್ ಹಿಡ್ದೀಯೋ ಒನಕಿ ಹಿಡ್ದೀಯೋ! ಸುಮ್ಮ ನಿಂದ್ರೂದಕ್ಕ ಪಗಾರ ತೊಗೋತಾನ, ಬೇಕಾರ!”

“ಮಾವ, ಸ್ವಲ್ಪ ಮೆಲ್ಲಗೆ” ಎಂದಳು ಮೈಸೂರಿನ ನನ್ನ ಹೆಂಡತಿ. ಮೈಸೂರಿನವರು ಸೋತವನನ್ನು ಕಂಡರೆ ‘ಪಾಪ’ ಅನ್ನುತ್ತಾರೆ. ನಮ್ಮ ಕಡೆ ‘ಪಾಪ’ ಅನ್ನುವುದು ಹೊರಗಿನವರಿಗೆ. ಮನೆಯವನೆಂದು ಲೆಕ್ಕಕ್ಕೆ ಹಿಡಿದ ಮೇಲೆ ಬೈಗುಳವೇ ಬೀಗತನ.

ಹಿಂದಿನ ಸಾಲಿನಲ್ಲಿ ಕೆಂಪು ಟೊಪ್ಪಿಗೆಯ ಒಬ್ಬ ಮುದುಕ ಅಪ್ಪನ ಭುಜ ತಟ್ಟಿ ಶೇಂಗಾ ಪೊಟ್ಟಣ ಚಾಚಿದ. ಭಾಷೆ ತಿಳಿಯದಿದ್ದರೂ ಬೈಗುಳದ ಗುಣಮಟ್ಟ ತಿಳಿದಿತ್ತು. ಅಪ್ಪ ಬದಲಿಗೆ ರೊಟ್ಟಿ ಮುರಿದು ಕೊಟ್ಟ. ನಾನು ನಡುವೆ ದುಭಾಷಿ. ಇಬ್ಬರು ಮುದುಕರು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನನ್ನ ಸಕ್ಕರೆ ಇಷ್ಟು, ನಿನ್ನ ಬಿಪಿ ಎಷ್ಟು ಎಂದು ಮಾತಾಡಿದ ಹಾಗಿತ್ತು. ಆತ ಹೇಳಿದ: “ನಮ್ಮ ಫಿಲ್ಲೀಸು 2007ರ ಜುಲೈ 15ಕ್ಕೆ 10,000ನೇ ಸೋಲು ಸೋತಿತು. ಅಮೆರಿಕದ ವೃತ್ತಿಪರ ತಂಡಗಳಲ್ಲಿ ನಾವೇ ಮೊದಲು.” ಅಪ್ಪ ಸೋಲಲಿಲ್ಲ: “ನಮ್ಮೋರು 2017ರಾಗ ಕೋಲ್ಕತ್ತಾದಾಗ 49ಕ್ಕ ಆಲೌಟ್.” ಮುದುಕ ಟೊಪ್ಪಿಗೆ ತೆಗೆದ.

ಮೈಕ್ ಶ್ಮಿಟ್‌ನ ಕಥೆ ಹೇಳಿದ್ದೂ ಆತನೇ. 548 ಹೋಮ್ ರನ್ ಹೊಡೆದ ಆಟಗಾರ, ಈ ಊರಿನ ಇತಿಹಾಸದಲ್ಲೇ ದೊಡ್ಡವನು. ಅವನನ್ನೂ ಜನ ಬಿಡಲಿಲ್ಲ. 1985ರಲ್ಲಿ ಒಮ್ಮೆ ಬೇಸತ್ತು ಪತ್ರಿಕೆಯ ಮುಂದೆ ಅಭಿಮಾನಿಗಳನ್ನು ಬೈದುಬಿಟ್ಟ. ಮುಂದಿನ ಪಂದ್ಯಕ್ಕೆ ಮುಖ ತೋರಿಸುವುದು ಹೇಗೆ? ಉದ್ದ ಕೂದಲಿನ ಟೋಪನ್, ಕಪ್ಪು ಕನ್ನಡಕ ಹಾಕಿಕೊಂಡು ಮೈದಾನಕ್ಕಿಳಿದ. ಬೈಯಲೆಂದೇ ಬಂದ ಜನ ನಕ್ಕು ಚಪ್ಪಾಳೆ ಹೊಡೆದರು. ಅಪ್ಪನಿಗೆ ಇದು ಬಹಳ ಹಿಡಿಸಿತು. ನಮ್ಮ ಊರ ಕಡೆ ಸಾಲ ತೀರಿಸದವರೂ ಹೀಗೇ ಸಂತೆಗೆ ಬರುತ್ತಾರೆ ಎಂದ.

ಆಗಸ್ಟ್ 4ರ ಸಂಜೆ ಟಿವಿ ಮುಂದೆ ಎಂದಿನಂತೆ ಗಂಟಲು ಸರಿಮಾಡಿಕೊಂಡು ಕುಳಿತೆವು. ಟರ್ನರನ ಸರಾಸರಿ ಆಗ 0.235, ಅಂದರೆ ಹತ್ತಕ್ಕೆ ಎರಡೂವರೆಯೂ ಇಲ್ಲ. ಎರಡು ದಿನದ ಹಿಂದಷ್ಟೇ ಮಯಾಮಿಯಲ್ಲಿ ಅವನ ತಪ್ಪು ತಂಡಕ್ಕೆ ಮುಳುವಾಗಿತ್ತು. ಇವತ್ತು ಛಾವಣಿ ಹಾರಿಹೋಗುತ್ತದೆ ಅಂದುಕೊಂಡೆವು. ಅವನು ಬ್ಯಾಟ್ ಹಿಡಿದು ಬಂದ. ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬೈದು ಆಗದ್ದನ್ನು ಹೊಗಳಿ ಮಾಡಿಸೋಣವೆಂದು ರೇಡಿಯೊದಲ್ಲಿ ಯಾರೋ ಎತ್ತಿದ ಮಾತು ಊರೆಲ್ಲ ಹಬ್ಬಿತ್ತಂತೆ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸೋತಂವಗ ಚಪ್ಪಾಳಿ?” ಎಂದು ನನ್ನ ಕಡೆ ನೋಡಿದ. ನಾನು ಎಂಟನೇ ಇಯತ್ತೆಯಲ್ಲಿ ಓಟದ ಪಂದ್ಯದಲ್ಲಿ ಎರಡನೆಯವನಾಗಿ ಸ್ಟೀಲ್ ತಾಟು ತಂದಾಗ “ಮುಂದ್ ಹೋದಂವ ಯಾರ್ ಮಗ?” ಎಂದು ಕೇಳಿದ್ದ ಮನುಷ್ಯ ಈತ.

ಟರ್ನರ್ ಮಾತ್ರ ಅಂದಿನಿಂದ ಚೇತರಿಸಿಕೊಂಡ. ಅಭಿಮಾನಿಗಳಿಗೆ ಥ್ಯಾಂಕ್ಸ್ ಹೇಳಿ ಊರ ಸುತ್ತ ದೊಡ್ಡ ದೊಡ್ಡ ಬೋರ್ಡು ಹಾಕಿಸಿದ. ಹೆದ್ದಾರಿಯಲ್ಲಿ ಅದನ್ನು ನೋಡಿದ ಅಪ್ಪ ಪ್ರಯೋಗಕ್ಕೆ ಇಳಿದೇಬಿಟ್ಟ.

ಮೊದಲ ಬಲಿ ನನ್ನ ಹೆಂಡತಿ. ಮದುವೆಯಾಗಿ ಹನ್ನೆರಡು ವರ್ಷವಾದರೂ ಆಕೆ ಬಡಿದ ಜೋಳದ ರೊಟ್ಟಿ ಹಂಚಿಗೆ ಹೋಗುವ ಮುಂಚೆಯೇ ಭಾರತ, ಶ್ರೀಲಂಕಾ ಎಂದು ಎರಡಾಗುತ್ತದೆ. ಆ ರಾತ್ರಿ ಶ್ರೀಲಂಕಾ ಬೇರ್ಪಟ್ಟ ಕ್ಷಣಕ್ಕೆ ಸರಿಯಾಗಿ ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು ಜೋರಾಗಿ ಚಪ್ಪಾಳೆ ತಟ್ಟಿದ. ಆಕೆ ತಿರುಗಿ ನೋಡಿದಳು. ಅಪ್ಪ ಇನ್ನೂ ಹುರುಪಿನಿಂದ ತಟ್ಟಿದ. ಮುಂದೆ ಎರಡು ದಿನ ಮನೆಯಲ್ಲಿ ಬ್ರೆಡ್ಡು. ಇದು ಅಮೆರಿಕದ ಪದ್ಧತಿ, ಮಾವ ನಿನ್ನನ್ನು ಟರ್ನರನ ಸಮಕ್ಕೆ ಇಟ್ಟಿದ್ದಾರೆ ಎಂದು ನಾನು ತಿಳಿಸಿ ಹೇಳಲು ಹೋದದ್ದಕ್ಕೆ ಮೂರನೆಯ ದಿನವೂ ಬ್ರೆಡ್ಡು. ಋತು ಮುಗಿಯುವಾಗ ಟರ್ನರನ ಸರಾಸರಿ 0.266ಕ್ಕೆ ಏರಿತ್ತು, 26 ಹೋಮ್ ರನ್ ಆಗಿದ್ದವು. ರೊಟ್ಟಿ ಇದ್ದಲ್ಲೇ ಇತ್ತು.

ಎರಡನೆಯ ಪ್ರಯೋಗ ಮೊಮ್ಮಗನ ಮೇಲೆ. ಒಂಬತ್ತು ವರ್ಷ ಅವನಿಗೆ. ಸೆಪ್ಟೆಂಬರಿನ ಶನಿವಾರಗಳಲ್ಲಿ ಬಡಾವಣೆಯ ಮಕ್ಕಳ ತಂಡಕ್ಕೆ ಆಡುತ್ತಿದ್ದ. ಆಡುತ್ತಿದ್ದ ಎಂದರೆ ದೂರದ ಮೂಲೆಯಲ್ಲಿ ನಿಂತು ಹುಲ್ಲು ಕೀಳುತ್ತಿದ್ದ. ಮೂರು ಪಂದ್ಯದಲ್ಲಿ ಬ್ಯಾಟಿಗೆ ಒಂದು ಚೆಂಡೂ ತಾಗಿರಲಿಲ್ಲ. ನಾಲ್ಕನೆಯದಕ್ಕೆ ಅಪ್ಪ ಪಟಕಾ ಸುತ್ತಿಕೊಂಡು ಬಂದ. ಹುಡುಗ ಬ್ಯಾಟ್ ಹಿಡಿದು ನಡೆದದ್ದೇ ತಡ, ಅಪ್ಪ ಎದ್ದ. ನಾವೂ ಎದ್ದೆವು. ಯಾಕೆಂದು ತಿಳಿಯದೆ ಉಳಿದ ತಾಯ್ತಂದೆಯರೂ ಎದ್ದರು. ಚಪ್ಪಾಳೆಯೋ ಚಪ್ಪಾಳೆ. ನಾಚಿಕೆಯಿಂದ ಕೆಂಪಾದ ಹುಡುಗ “ಮುತ್ಯಾ, ಸಾಕು ಕೂತ್ಕೋ!” ಎಂದು ಕೂಗಿ, ಗರುಡಗಂಬದ ಹಾಗೆ ನಿಂತುಬಿಟ್ಟ. ಬ್ಯಾಟು ಹೆಗಲಿನಿಂದ ಇಳಿಯಲೇ ಇಲ್ಲ.

ಎಸೆಯುವ ಹುಡುಗನೂ ಒಂಬತ್ತು ವರ್ಷದವನೇ. ನಾಲ್ಕು ಚೆಂಡು ನಾಲ್ಕು ದಿಕ್ಕಿಗೆ ಹೋದವು. ಅಂಪೈರ್ ಕೈ ತೋರಿಸಿದ. ಮೊಮ್ಮಗ ಬ್ಯಾಟು ಕೆಳಗಿಟ್ಟು ಮೊದಲ ಬೇಸಿಗೆ ಆರಾಮಾಗಿ ನಡೆದು ಹೋದ.

“ಯಾನಾತು? ಹೊಡೀಲೇ ಇಲ್ಲಲ್ಲ?”

“ಎಸೆತ ಸರಿ ಬರದಿದ್ರ ಹೊಡೀಬಾರ್ದಪ್ಪಾ. ನಾಕು ತಪ್ಪು ಚೆಂಡು ಬಿದ್ರ ಬೇಸ್ ಪುಕ್ಕಟೆ.”

ಅಪ್ಪ ಬೇಸಿನ ಮೇಲೆ ಹಲ್ಲು ಕಿರಿಯುತ್ತಿದ್ದ ಮೊಮ್ಮಗನನ್ನು ನೋಡಿದ, ಆಮೇಲೆ ಟರ್ನರನನ್ನು ನೋಡುತ್ತಿದ್ದ ಹಾಗೆಯೇ ನನ್ನನ್ನು ನೋಡಿದ.

“ಸುಮ್ಮ ನಿಂತಿದ್ದಕ್ಕೂ ಕೊಡ್ತಾರಂದ್ರ, ತಮ್ಮಾ, ಸಣ್ಣಂವಿದ್ದಾಗ ನಿನಗ ಇದೇ ಕಲಿಸಬೇಕಾಗಿತ್ತು.”