ಆಲೆಮನೆಯ ಮಾಟಗಾತಿ

ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಕಥೆ ಹೇಳಿದರೆ ಭಾಷೆ ತಾನಾಗಿ ಬರುತ್ತೆ ಅಂತ, ಪಾಂಡವಪುರದ ಕಡೆ ಹಳ್ಳಿಯೊಂದರಲ್ಲಿ ನಾನು ಗ್ರಿಮ್ ಸೋದರರ ಹ್ಯಾನ್ಸೆಲ್–ಗ್ರೆಟೆಲ್ ಶುರುಮಾಡಿದೆ. ಕಾಡಿನ ನಡುವೆ ಸಿಹಿಯ ಮನೆ, ಒಳಗೆ ಧಗಧಗ ಉರಿಯೋ ಒಲೆ.

‘ಶುಗರ್ ಹೌಸ್ ಅಂದ್ರೇನ್ರೋ?’

‘ಆಲೆಮನೆ, ಮಿಸ್!’

ತಪ್ಪು ಅನ್ನೋಕೆ ಬಾಯಿ ಬರಲಿಲ್ಲ. ಒಲೆ, ಕೊಪ್ಪರಿಗೆ, ಬಿಸಿಬೆಲ್ಲ ಎಲ್ಲಾ ಇದೆ, ಮಾಟಗಾತಿಯೊಬ್ಬಳು ಕಮ್ಮಿ. ಮಾರನೇ ದಿನ ಮೂರು ಕರಡಿಗಳ ಪಾರಿಜ್ ರಾಗಿ ಅಂಬಲಿಯಾಯ್ತು. ಕಪ್ಪೆ ರಾಜಕುಮಾರ ವಿಶ್ವೇಶ್ವರಯ್ಯ ನಾಲೆಗೆ ಬಿದ್ದ. ‘ಮುತ್ತು ಕೊಟ್ರೆ ಕಜ್ಜಿ ಆಗಲ್ವಾ, ಮಿಸ್?’ ಅಂದಳು ನಾಗಮಂಗಲದಿಂದ ಅಜ್ಜಿಮನೆಗೆ ಬಂದು ಓದುವ ಪೋರಿ.

ಟೆಸ್ಟಿನಲ್ಲಿ ‘ವಿಚ್’ ಸ್ಪೆಲ್ಲಿಂಗ್ ಒಬ್ಬರಿಗೂ ಬರಲಿಲ್ಲ. ‘ಜಾಗರಿ’ ಮಾತ್ರ ಎರಡೂ ‘ಜಿ’ ಸಮೇತ ಎಲ್ಲರದ್ದೂ ಸರಿ.