19 ಸೋಲು, 19 ಅಂಕ

ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್‌ನ ಹನ್ನೊಂದನೇ ಸೀಸನ್ ಮಾತೆತ್ತಿದರೆ ನಮ್ಮ ಗೋಕಾಕದ ಚಹಾದಂಗಡಿಯಲ್ಲಿ ಈಗಲೂ ಯಾರಾದರೊಬ್ಬರು ‘ಬಿಡ್ರಿ ಅತ್ಲಾಗ’ ಅಂತ ಕೈ ಕೊಡವುತ್ತಾರೆ. ನನಗೆ ಮಾತ್ರ ಬಿಡಾಕ ಮನಸ್ಸಾಗೂದಿಲ್ಲ ನೋಡ್ರಿ ಕಾಕಾ. 22 ಪಂದ್ಯ, ಗೆದ್ದದ್ದು 2, ಸಮ ಒಂದು, ಸೋತದ್ದು 19. ಎಲ್ಲಾ ನಿಮಗ ಗೊತ್ತಿದ್ದದ್ದೇ. ಆದರೆ ಒಟ್ಟು ಅಂಕ ಎಷ್ಟು, ಲಕ್ಷ್ಯ ಕೊಟ್ಟಿದ್ರೇನು? ಅದೂ 19!

ಗೆಲುವಿಗೆ ಐದರಂತೆ 10, ಸಮಕ್ಕೆ 3. ಉಳಿದ ಆರು ಅಂಕ ಸೋತು ಗಳಿಸಿದ್ದು. ಆಗ ಏಳರೊಳಗಿನ ಅಂತರದಲ್ಲಿ ಸೋತರೆ ಒಂದಂಕ ಕೊಡ್ತಿದ್ದರಲ್ಲ, ಆ ಲೆಕ್ಕ. ಅಂದರೆ ಆರು ಸಲ ಹುಡುಗರು ಕೊನೇತನಕ ಜಗ್ಗಾಡಿಯೇ ಸೋತಾರ, ಹೌದಿಲ್ಲೋ?

ನಮ್ಮ ಕಡೆಯ ಜಾತ್ರೆ ಪಂದ್ಯಗಳಲ್ಲಿ ಈ ಒಂದಂಕ ಎಲ್ಲಿಯದು ಹೇಳ್ರಿ, ಒಮ್ಮೆ ಸೋತರೆ ಅಲ್ಲಿಗೇ ಮುಗೀತು. ಮೂಡಲಗಿ ಕಡೆ ಒಮ್ಮೆ 55 ಕೆಜಿ ಪಂದ್ಯ ನೋಡಾಕ ಹೋಗಿದ್ದೆ. ಕಾಳಿನ ಚೀಲ ತೂಗುವ ಕಾಟಾದ ಮೇಲೆ ಹುಡುಗರನ್ನು ಒಬ್ಬೊಬ್ಬರನ್ನೇ ನಿಲ್ಲಿಸುತ್ತಿದ್ದರು. ಒಬ್ಬ ತುಸು ಹೆಚ್ಚಾದ, ಬನಿಯನ್ ಕಳೆದ, ಉಡದಾರ ಒಂದು ಬಿಟ್ಟು ಎಲ್ಲಾ ತೆಗೆದಿಟ್ಟ, ಕಡೀಕ ಮೈದಾನ ಸುತ್ತು ಹೊಡೆದು ಬೆವರಿಳಿಸಿ ಬಂದು ಪಾಸಾದ. ತೂಕ ಮುಗಿದದ್ದೇ ತಡ, ಎಲ್ಲರೂ ರೊಟ್ಟಿ ಗಂಟು ಬಿಚ್ಚಿದರು. ಮುಂಜಾನೆಯಿಂದ ಉಪವಾಸ, ಪಾಪ! ಹುಕ್ಕೇರಿ ಕಡೆಯಿಂದ ಬಂದಿದ್ದ ತಂಡ ಮೊದಲನೇ ಆಟದಲ್ಲೇ ಒಂದಂಕದಿಂದ ಸೋತಿತು. ಆಗಲೇ ಮಧ್ಯರಾತ್ರಿ. ಬೆಳಗಿನ ಬಸ್ಸು ಬರೋ ತನಕ ಅಲ್ಲೇ ಕೂತು ಉಳಿದವರ ಆಟ ನೋಡಿದರು. ಅಷ್ಟು ಹಸಿದು ಬಂದವರಿಗೆ ಇನ್ನೊಂದು ಆಟ ಕೊಡಬೇಕಿತ್ತು, ಅಲ್ಲೇನ್ರಿ?

ಎಲ್ಲಿದ್ದೆ? ಹಾಂ, ಬುಲ್ಸ್. 2024ರ ಅಕ್ಟೋಬರ್ 18ಕ್ಕೆ ಹೈದರಾಬಾದಿನಲ್ಲಿ ಮೊದಲ ಪಂದ್ಯವೇ 37-29ರಿಂದ ಕೈತಪ್ಪಿತು. ಸೋಲಿಸಿದ ತೆಲುಗು ಟೈಟಾನ್ಸ್‌ನಲ್ಲಿ ಯಾರಿದ್ದ? ನಮ್ಮ ಪವನ್ ಸೆಹ್ರಾವತ್! 2019ರ ಫೈನಲ್‌ನಲ್ಲಿ 22 ಅಂಕ ತಂದು ಬುಲ್ಸ್‌ಗೆ ಕಪ್ ಗೆಲ್ಲಿಸಿದ್ದ ಅದೇ ಪವನ್. ಈ ಕಡೆ ಪ್ರದೀಪ್ ನರ್ವಾಲ್. ಹಿಡಿಯಲು ಬಂದವರ ಕೈಕೆಳಗೆ ಬಗ್ಗಿ ನುಸುಳುವ ಅವನ ಡುಬ್ಕಿ ನೋಡಿ ನಮ್ಮ ಓಣಿಯ ಹುಡುಗರು ಮೊಣಕೈ ಕೆತ್ತಿಸಿಕೊಂಡದ್ದು ನಿಮಗೂ ನೆನಪಿರಬೇಕು. ಆ ಸೀಸನ್ನಿನಲ್ಲಿ ಅದು ಸಾಗಲಿಲ್ಲ. ಮೇಲಾಗಿ ಹೈದರಾಬಾದ್, ನೋಯ್ಡಾ, ಪುಣೆ ಬಿಟ್ಟರೆ ಬೆಂಗಳೂರಲ್ಲಿ ಒಂದಾಟವೂ ಇರಲಿಲ್ಲ. ಸೋಲುವಾಗ ಊರ ಮಂದಿ ಕೂಗು ಕಿವಿಗೆ ಬೀಳದಿದ್ದರ ಹೆಂಗ್ರಿ?

ಮುಂದ ನಮ್ಮ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. ಬೆಂಗಾಲ್ ವಾರಿಯರ್ಸ್‌ಗೂ ಪುಣೇರಿ ಪಲ್ಟನ್‌ಗೂ ಕಪ್ ಗೆಲ್ಲಿಸಿಕೊಟ್ಟ ಕನ್ನಡಿಗ. ಆಗ ನನ್ನ ಜೀವಕ್ಕೂ ತುಸು ಸಮಾಧಾನ ಆತು.

ಅದಿರಲಿ. ಜಾತ್ರೆ ಕಮಿಟಿಯವರು ಪಟ್ಟಿ ಕೇಳಾಕ ಬಂದಾಗ ಒಂದು ಮಾತು ಹಾಕೋಣ ಅಂತೀನಿ: ಮೊದಲ ಸುತ್ತನ್ನಾದರೂ ಲೀಗ್ ಮಾಡ್ರಿ, ಏಳರೊಳಗೆ ಸೋತವರಿಗೆ ಒಂದಂಕ ಕೊಡ್ರಿ. ನೀವೂ ದನಿಗೂಡಸ್ತೀರಿ, ಅಲ್ವಾ?