ಸೈಟುಬೆಲೆ ಮೀಮಾಂಸೆ: ಮೇಲ್ಮನವಿಯೋ ದಾವೆಯೋ ಎಂಬುದಕ್ಕೆ ಒಂದು ಅಲ್ಪಭಾಷ್ಯ

ಸೂತ್ರ 1: ಸೈಟು ಒಂದು, ಬೆಲೆ ನಾಲ್ಕು.

ಭಾಷ್ಯ: ಸೈಟು ಎಂದರೆ ನಾಲ್ಕು ಚೆಕ್ಕುಬಂದಿಗಳ ನಡುವೆ ಸಿಕ್ಕಿಬಿದ್ದ ಬಯಲು. ಅದಕ್ಕೆ ಬೆಲೆಯೂ ನಾಲ್ಕು. ಮಾರುವವನ ಬಾಯಲ್ಲಿರುವುದು ಒಂದು, ಕ್ರಯಪತ್ರದಲ್ಲಿ ಇಳಿಯುವುದು ಇನ್ನೊಂದು, ಬ್ಯಾಂಕಿನ ಸಾಲದರ್ಜಿಯಲ್ಲಿ ಏರುವುದು ಮತ್ತೊಂದು, ಸರ್ಕಾರದ ಮಾರ್ಗಸೂಚಿ ದರ ನಾಲ್ಕನೆಯದು. ಅದೇ ಜಾಗ ರಸ್ತೆಗೆಂದು ಸ್ವಾಧೀನಕ್ಕೆ ಹೋಗುವ ದಿನ ಮಾಲೀಕನ ಬೆಲೆ ಸರ್ಕಾರದ ಬಾಯಿಗೂ ಸರ್ಕಾರದ ಬೆಲೆ ಮಾಲೀಕನ ಬಾಯಿಗೂ ಬರುತ್ತದೆ. ಇದನ್ನು ಐದನೆಯ ಬೆಲೆ ಎನ್ನುವವರಿದ್ದಾರೆ. ನಮ್ಮ ಮತದಲ್ಲಿ ಅದು ಬರಿಯ ಪರಕಾಯಪ್ರವೇಶ.

ಸೂತ್ರ 2: ಅನುಮಾನವೇ ಪ್ರಮಾಣ.

ಭಾಷ್ಯ: ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಹೊಗೆ ಕಂಡು ಬೆಂಕಿಯನ್ನು ಅರಿಯುವುದು. ಕಚೇರಿಯಲ್ಲಿ ಅನುಮಾನವೆಂದರೆ ಅನುಮಾನವೇ. 1957ರ ಕರ್ನಾಟಕ ಸ್ಟಾಂಪು ಅಧಿನಿಯಮದ ಕಲಂ 45-ಎ ಇದಕ್ಕೆ ಆಧಾರ. ಪತ್ರದಲ್ಲಿ ಬರೆದ ಬೆಲೆ ನಿಜವಲ್ಲವೆಂದು ನಂಬಲು ಕಾರಣ ಕಂಡರೆ ಸಬ್ ರಿಜಿಸ್ಟ್ರಾರರು ತಮ್ಮ ಅಂದಾಜು ತಿಳಿಸುತ್ತಾರೆ. ಒಪ್ಪಿ ಅದರಂತೆ ಸ್ಟಾಂಪು ಶುಲ್ಕ ಕಟ್ಟದಿದ್ದರೆ ಪತ್ರ ಪೆಂಡಿಂಗ್ ಉಳಿದು ಕಡತ ಮೇಲಕ್ಕೆ ಹೋಗುತ್ತದೆ. ಕಾನೂನು ಆ ಮೇಲಿನವರನ್ನು ಡೆಪ್ಯುಟಿ ಕಮಿಷನರ್ ಎನ್ನುತ್ತದೆ. ಆ ಪೀಠದಲ್ಲಿ ಕೂರುವವರು ಜಿಲ್ಲಾ ನೋಂದಣಾಧಿಕಾರಿ. ನೋಂದಣಿಯಾಗಿಹೋದ ಪತ್ರವನ್ನೂ ಎರಡು ವರ್ಷದೊಳಗೆ ಅವರು ತಾವಾಗಿಯೇ ತರಿಸಿ ನೋಡಬಹುದು. ಹಾಗಾಗಿ ಗೃಹಪ್ರವೇಶದ ಹೋಳಿಗೆ ಅರಗಿದ ಮೇಲೂ ನೋಟಿಸು ಅರಗದೆ ಉಳಿಯುವುದುಂಟು.

ಮಾರ್ಗಸೂಚಿ ದರ ವೇದವಾಕ್ಯವೇ? ಅಲ್ಲ. ಪಂಜಾಬ್ ಸರ್ಕಾರ ಮತ್ತು ಮೊಹಬೀರ್ ಸಿಂಗ್ ನಡುವಿನ ಪ್ರಕರಣದಲ್ಲಿ (1996) ಸುಪ್ರೀಂ ಕೋರ್ಟು ಇಂಥ ದರಪಟ್ಟಿ ಮೇಲ್ನೋಟದ ಅಳತೆ ಮಾತ್ರ, ಕಟ್ಟಿಹಾಕುವಂಥದ್ದಲ್ಲ ಎಂದಿತು. ಅಂದರೆ ಮಾರ್ಗಸೂಚಿ ಎಂಬುದು ದಾರಿ ತೋರುವ ಕೈಮರ. ಊರು ತಲುಪದೆ ಕೈಮರಕ್ಕೇ ಕಂದಾಯ ಕಟ್ಟಿ ಬರುವುದು ಲೋಕರೂಢಿ.

ಪೂರ್ವಪಕ್ಷ: "ಹಾಕಿ ಒಂದು ದಾವೆ!"

ನಿಗದಿಯಾದ ಬೆಲೆ ಒಪ್ಪದವನು ಮೇಲ್ಮನವಿ ಸಲ್ಲಿಸಬೇಕೋ ದಾವೆ ಹೂಡಬೇಕೋ ಎಂದರೆ, ಇದು ಅರಳಿಕಟ್ಟೆಯ ಆಚಾರ್ಯರ ಮತ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 9 ಅವರ ಬ್ರಹ್ಮಾಸ್ತ್ರ: ಬೇರೆ ಕಾನೂನು ತಡೆಯದಿದ್ದರೆ ಸಿವಿಲ್ ಸ್ವರೂಪದ ಎಲ್ಲ ದಾವೆಗಳನ್ನೂ ನ್ಯಾಯಾಲಯ ವಿಚಾರಿಸಬೇಕು. ಅಸ್ತ್ರವನ್ನು ಬಿಡುವ ಮೊದಲು ಕಲಂ 80ರಂತೆ ಸರ್ಕಾರಕ್ಕೆ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ಕಾದು ಬಂದವನನ್ನು ನ್ಯಾಯಾಲಯ ಮೊದಲು ಕೇಳುವುದು ಏನನ್ನು? ದಾವೆಯ ಮೌಲ್ಯವನ್ನು!

ಇಲ್ಲಿ ಶಾಸ್ತ್ರದ ಪರಮರಹಸ್ಯ ಅಡಗಿದೆ. ಬೆಲೆ ಕಡಿಮೆ ತೋರಿಸಿದೆ ಎಂಬ ಆಪಾದನೆಯಿಂದ ಓಡಿ ಬಂದವನ ವಾದಪತ್ರವನ್ನು ಅದೇ ಸಂಹಿತೆಯ ಆದೇಶ 7, ನಿಯಮ 11ರಡಿ ಎರಡು ಕಾರಣಕ್ಕೆ ತಿರಸ್ಕರಿಸಬಹುದು. ಒಂದು, ಕೇಳಿದ ಪರಿಹಾರಕ್ಕೆ ಬೆಲೆ ಕಡಿಮೆ ತೋರಿಸಿ, ಹೇಳಿದರೂ ತಿದ್ದದಿದ್ದರೆ. ಎರಡು, ವಾದಪತ್ರ ಬರೆದ ಕಾಗದಕ್ಕೆ ಸ್ಟಾಂಪು ಸಾಲದೆ, ಹೇಳಿದರೂ ಭರ್ತಿ ಮಾಡದಿದ್ದರೆ. ಹುಲಿಯ ಭಯಕ್ಕೆ ಮರ ಹತ್ತಿದವನಿಗೆ ಕೊಂಬೆಯ ಮೇಲೆ ಅದೇ ಹುಲಿ ಕರಿಕೋಟು ತೊಟ್ಟು ಕೂತಂತೆ.

ಸಿದ್ಧಾಂತ: ಬೆಲೆಯ ಜಗಳ ಮೇಲ್ಮನವಿಗೆ, ಅಧಿಕಾರದ ಜಗಳ ನ್ಯಾಯಾಲಯಕ್ಕೆ.

ಇದರ ಮೂಲ ಸುಪ್ರೀಂ ಕೋರ್ಟಿನ 1968ರ ಧೂಲಾಭಾಯಿ ತೀರ್ಪು. ಐವರು ನ್ಯಾಯಮೂರ್ತಿಗಳ ಪರವಾಗಿ ಹಿದಾಯತುಲ್ಲಾ ಅವರು ಏಳು ಸೂತ್ರ ಹೆಣೆದರು. ಸಾರ ಇಷ್ಟು: ಕಾನೂನೇ ಹಕ್ಕಿನ ಜೊತೆಗೆ ಪರಿಹಾರದ ದಾರಿಯನ್ನೂ ಹಾಕಿಕೊಟ್ಟು, ಆ ದಾರಿಯಲ್ಲಿ ಬಂದ ಆದೇಶವೇ ಅಂತಿಮ ಎಂದಿದ್ದರೆ ತೆರಿಗೆಯ ಲೆಕ್ಕ ಹೆಚ್ಚಾಯಿತು, ಕಡಿಮೆಯಾಯಿತು ಎಂಬ ತಕರಾರಿಗೆ ದಾವೆ ಇಲ್ಲ. ಅಧಿಕಾರಿ ಕಾನೂನನ್ನೇ ಪಾಲಿಸದಿದ್ದರೆ, ಕೇಳಿಸಿಕೊಳ್ಳದೆ ತೀರ್ಮಾನಿಸಿದರೆ, ತೆರಿಗೆಯೇ ಸಂವಿಧಾನಕ್ಕೆ ವಿರುದ್ಧವಾಗಿದ್ದರೆ ಮಾತು ಬೇರೆ. ಸ್ವಾರಸ್ಯವೆಂದರೆ ಧೂಲಾಭಾಯಿ ಮತ್ತಿತರರು ಉಜ್ಜಯಿನಿಯ ತಂಬಾಕು ವ್ಯಾಪಾರಿಗಳು. ಅವರ ದಾವೆ ಊರ್ಜಿತವಾಯಿತು. ದಾವೆ ನಡೆಯದು ಎನ್ನಲು ವಕೀಲರು ಎತ್ತಿ ತೋರಿಸುವ ತೀರ್ಪಿನಲ್ಲಿ ದಾವೆ ನಡೆದಿತ್ತು!

ಹಾಗೆಂದು ಕಾನೂನು ಹಾಕಿಕೊಟ್ಟ ದಾರಿ ಪುಕ್ಕಟೆಯಲ್ಲ. ಆಂಧ್ರದಲ್ಲಿ ಕಲೆಕ್ಟರರ ಮುಂದೆ ಬೆಲೆಯ ವಿಚಾರಣೆಯಾಗಬೇಕಾದರೆ ಕೊರತೆಬಿದ್ದ ಸ್ಟಾಂಪು ಶುಲ್ಕದ ಶೇ. 50 ಮೊದಲು ಕಟ್ಟಬೇಕೆಂಬ ನಿಯಮವನ್ನು 2008ರ ಲಕ್ಷ್ಮೀದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಹುಂಡಿಗೆ ಹಾಕಿದ ಮೇಲೆ ದರ್ಶನ.

ಫಲಶ್ರುತಿ: ಈ ಭಾಷ್ಯವನ್ನು ಓದಿದವರು ಆದೇಶ ಕೈಗೆ ಬಂದ ದಿನ ಮೊದಲು ತಾರೀಖು ನೋಡುತ್ತಾರೆ, ಆಮೇಲೆ ಮೇಲ್ಮನವಿಯ ಗಡುವು ಎಣಿಸುತ್ತಾರೆ, ಕಟ್ಟೆಯ ಆಚಾರ್ಯರಿಗೆ ದೂರದಿಂದಲೇ ಕೈ ಮುಗಿಯುತ್ತಾರೆ.

ಈ ಪ್ರಬಂಧದ ಮಾರುಕಟ್ಟೆ ಮೌಲ್ಯ ಸೊನ್ನೆಯೆಂದು ಲೇಖಕ ಘೋಷಿಸಿದ್ದಾನೆ. ಯಾವುದಾದರೂ ಪ್ರಾಧಿಕಾರ ಇದನ್ನು ನಂಬದೆ ಬೆಲೆ ಏರಿಸಿದರೆ ಆತ ಮೇಲ್ಮನವಿಯನ್ನೂ ಸಲ್ಲಿಸುವುದಿಲ್ಲ, ದಾವೆಯನ್ನೂ ಹೂಡುವುದಿಲ್ಲ.